ಇವರು ಹಿಡಿದ ಹಗ್ಗ

ಏಪ್ರಿಲ್ ೧೨, ಭಾನುವಾರ

ತಂಗಿಯ ಮೇಲೆ ಹೊಟ್ಟೆಕಿಚ್ಚು, ಅದೂ ಈ ವಯಸ್ಸಿನಲ್ಲಿ.

ಇಂದು ಹೊನ್ನೆಮರಡಿನ ಹಿನ್ನೀರಿನಲ್ಲಿ ಸ್ವಂತ ದೋಣಿ ಇರುವವರಿಗೆ ಸುರಕ್ಷತಾ ತರಬೇತಿ. ಲೈಫ್ ಜಾಕೆಟ್ ತೊಟ್ಟ ಗಂಡಸರು ಮುಳುಗುವವರಂತೆ ನಟಿಸಬೇಕು. ದಡದಲ್ಲಿದ್ದ ನಾವು ಕೂಗಿ ಕರೆದು ಹಗ್ಗ ಎಸೆಯಬೇಕು. ನಾನು "ರೀ" ಎಂದೆ. ನೀರಲ್ಲಿದ್ದ ಗಂಡಂದಿರೆಲ್ಲ ತಿರುಗಿದರು. ಜೊತೆಗೆ ಬಂದಿದ್ದ ತಂಗಿ ತ್ರಿಶಲಾ "ಆದೀಶ್ ಭಾವಾ!" ಎಂದು ಕೂಗಿ ತಾನೂ ಹಗ್ಗ ಎಸೆದಳು. ನನ್ನ ಹಗ್ಗ ಭುಜಕ್ಕೇ ತಾಗಿದ್ದರೂ ಇವರು ಅವಳದನ್ನು ಹಿಡಿದರು.

"ಹೆಸ್ರು ಕೂಗಿ ಮೇಡಂ, ನಾಚ್ಕೆ ಎಂತಕ್ಕೆ?" ಎಂದರು ತರಬೇತುದಾರರು.

"ಅಕ್ಕಾ, ನಿನ್ ಗಂಡನ್ನ ನಾನೇ ಉಳ್ಸಿದೆ ನೋಡು!" ಎಂದು ತ್ರಿಶಲಾ ನಕ್ಕಳು. ಇವರೂ ನಕ್ಕರು.

ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಕಾನ್ವೆಂಟಿನಲ್ಲಿ ಓದಿದ ನಾನು ಅದನ್ನು ನಂಬುತ್ತೇನೆಯೇ? ಗೊತ್ತಿಲ್ಲ. ಆದರೆ ಒಮ್ಮೆಯೂ ಕರೆದಿಲ್ಲ.

ಈಗ, ಪಕ್ಕದಲ್ಲಿ ಮಲಗಿರುವ ಇವರನ್ನು ಮೆಲ್ಲಗೆ ಕರೆದು ನೋಡಿದೆ. "ಆದೀಶ್."

ನಿದ್ದೆಗಣ್ಣಲ್ಲೇ ಕೇಳಿದರು, "ಎಂತ, ತ್ರಿಶಲಾ?"