ಸ್ಮರಣ ದಿನದ ಎಂಜಲು

ಆಗಸ್ಟ್ 27, ಮಧ್ಯಾಹ್ನ 1.30

ಎರಡನೇ ಮೆಷಿನ್ ಮತ್ತೆ ನಿಂತಿತು. ಆಸ್ಪತ್ರೆಯ ಎಂಬತ್ತು ಬೆಡ್‌ಶೀಟು ಒದ್ದೆಯಾಗಿ ಒಳಗೇ ಕೂತಿವೆ. ಮೆಕ್ಯಾನಿಕ್ ಬರುವವರೆಗೆ ಲಾಂಡ್ರಿಯಲ್ಲಿ ಕೆಲಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದವಳು ರಕ್ತದ ಕಲೆಗೆ ಇವತ್ತೂ ಬಿಸಿನೀರು ಹಾಕಿದಳು. ತಣ್ಣೀರು ಕಣಮ್ಮ, ಬಿಸಿ ತಾಗಿದರೆ ಕಲೆ ಕಚ್ಚಿಕೊಳ್ಳುತ್ತೆ — ನಾಲ್ಕನೇ ಸಲ ಹೇಳಿದ್ದು.

ಮನೆಯಲ್ಲಿ ಮಗಳದ್ದು ಬೇರೆ ಗಲಾಟೆ. ಶಾಲೆಯ ಪ್ರಾಜೆಕ್ಟ್. ಒಂದು ತಿಂಗಳು ಮನೆಯ ಕಸ ತೂಗಿ ಬರೆಯಬೇಕಂತೆ, ವಾರದಿಂದ ವಾರಕ್ಕೆ ಇಳಿಸುತ್ತಾ ಹೋಗಬೇಕಂತೆ. ಅಡುಗೆಮನೆ ಬಾಗಿಲಿಗೆ ಸ್ಪ್ರಿಂಗ್ ತಕ್ಕಡಿ ನೇತು ಹಾಕಿದ್ದಾಳೆ. ನಿನ್ನೆಯದು 640 ಗ್ರಾಂ.

ಅತ್ತೆ ಹೇಳಿದರು, "ನನ್ನನ್ನೂ ಒಂದ್ಸಲ ತೂಗಿಬಿಡು ಪುಟ್ಟಿ. ಈ ಮನೇಲಿ ಹಳೇ ಸಾಮಾನು ಅಂದ್ರೆ ನಾನೇ."

ಮೆಕ್ಯಾನಿಕ್ ಬಂದ.

ಆಗಸ್ಟ್ 30

ಮೈದುನ ಬಂದಿದ್ದ. ಫ್ಲೆಕ್ಸ್ ಅಂಗಡಿಯವನು, ನಮ್ಮ ಬಡಾವಣೆಯ ಸ್ಮರಣ ಸಮಿತಿಗೆ ಕಾರ್ಯದರ್ಶಿ. ಸೆಪ್ಟೆಂಬರ್ ಹದಿನಾರಕ್ಕೆ ಸ್ಮರಣ ದಿನ. ಬೆಳಿಗ್ಗೆ ಸ್ಮಾರಕದ ಕಲ್ಲಿಗೆ ಹೂಗುಚ್ಛ, ಭಾಷಣ, ಆಮೇಲೆ ನಮ್ಮ ಮನೆಯಂಗಳದಲ್ಲಿ ಊಟ. ವರ್ಷಾ ವರ್ಷಾ ಇದೇ. ಈ ಬಡಾವಣೆಯಿಂದ ಯುದ್ಧಕ್ಕೆ ಹೋಗಿ ವಾಪಸ್ ಬಾರದವರು ಒಬ್ಬರೇ. ನನ್ನ ಗಂಡ. ಹನ್ನೊಂದು ವರ್ಷವಾಯಿತು.

"ಅತ್ತಿಗೆ, ಈ ಸಲ ನೂರಿಪ್ಪತ್ತು ಜನ. ನೀವು ತಲೆ ಕೆಡಿಸ್ಕೋಬೇಡಿ. ಊಟ ಹೊರಗಿಂದ ಬರುತ್ತೆ. ತಟ್ಟೆ, ಲೋಟ, ನೀರಿನ ಬಾಟ್ಲಿ ಎಲ್ಲ ತಂದು ಹಾಕ್ತೀನಿ. ಉಂಡು ಬಿಸಾಕಿದ್ರೆ ಆಯ್ತು."

ಮಗಳು ಕೇಳಿದಳು, "ಚಿಕ್ಕಪ್ಪ, ಹೋದ ವರ್ಷ ಎಷ್ಟು ಕೆಜಿ ಕಸ ಆಗಿತ್ತು?"

"ಯಾವ ಕಸ?" ಎಂದ.

ಯಾವ ಕಸ! ಮೈಯೆಲ್ಲಾ ಉರಿದುಹೋಯಿತು. ಆರು ಮೂಟೆ ಕಣೋ. ನೀವೆಲ್ಲ ಕೈ ಒರೆಸಿಕೊಂಡು ಹೋದ ಮೇಲೆ ನಾನು, ಅತ್ತೆ ಇಬ್ಬರೇ ಬಳಿದದ್ದು. ಅನ್ನ ಅಂಟಿದ ತಟ್ಟೆ. ಒಂದೇ ಗುಟುಕು ಕುಡಿದು ಬಿಟ್ಟ ಬಾಟಲಿ. ಆಮೇಲೆ ಆ ಲೋಟಗಳು... ಇವನೇ ಆಸೆಪಟ್ಟು ಅಣ್ಣನ ಮುಖ ಅಚ್ಚು ಹಾಕಿಸಿದ್ದ ಕಾಗದದ ಲೋಟಗಳು. ಚಹಾ ಕುಡಿದು, ಹಿಚುಕಿ, ಕಂಡಕಂಡಲ್ಲಿ ಎಸೆದಿದ್ದರು. ಅವರ ಮುಖವನ್ನು ಎಷ್ಟು ಸಲ ಬಗ್ಗಿ ಹೆಕ್ಕಿದೆನೋ. ರಾತ್ರಿ ನಾಯಿಗಳು ಮೂಟೆ ಹರಿದವು. ಬೆಳಿಗ್ಗೆ ಮತ್ತೆ ಹೆಕ್ಕಿದೆ.

ಇದ್ಯಾವುದನ್ನೂ ಅವನಿಗೆ ಹೇಳಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಥೂ ನನ್ನ ಬಾಯಿಗಿಷ್ಟು.

ಸೆಪ್ಟೆಂಬರ್ 2

ಇವತ್ತು ಹೇಳಿಬಿಟ್ಟೆ. ಕೆಲಸ ಮುಗಿಸಿ ನೇರ ಅವನ ಅಂಗಡಿಗೇ ಹೋದೆ. ಮೆಷಿನ್ನಿನಿಂದ ಯಾರದೋ ಹುಟ್ಟುಹಬ್ಬದ ಬ್ಯಾನರ್ ಇಳಿಯುತ್ತಿತ್ತು. ಬಣ್ಣದ ವಾಸನೆಗೆ ತಲೆ ಸಿಡಿಯಿತು.

"ನಮ್ಮನೇಲಿ ಊಟ ಆಗೋದಾದ್ರೆ ಬಿಸಾಕೋ ಸಾಮಾನು ಒಂದೂ ಒಳಗೆ ಬರಕೂಡದು. ಸ್ಟೀಲ್ ತಟ್ಟೆ ನಾನು ಒಟ್ಟು ಮಾಡ್ತೀನಿ. ಕುಡಿಯೋ ನೀರಿಗೆ ಡ್ರಮ್ ಇಡ್ತೀನಿ. ಉಂಡವರು ಅವರವರ ತಟ್ಟೆ ತೊಳೀಲಿ."

ನಕ್ಕ. "ಅಧ್ಯಕ್ಷರ ಕೈಲಿ ತಟ್ಟೆ ತೊಳೆಸ್ತೀರಾ ಅತ್ತಿಗೆ?"

"ಅವರಿಗೂ ಎರಡು ಕೈಯಿದೆಯಲ್ಲ."

"ಜನ ಏನಂತಾರೆ? ಹುತಾತ್ಮನ ಮನೆ ಅದು. ಅಣ್ಣನ ದಿನ ಕಸದ ಮಾತಾಡ್ತೀರಲ್ಲ..."

"ನಿಮ್ಮಣ್ಣನ ಮುಖಾನ ಕಸಕ್ಕೆ ಹಾಕಿದ್ದು ನಾನಾ, ನೀನಾ?"

ಅಂಗಡಿಯ ಕೆಲಸದವರೆಲ್ಲ ತಿರುಗಿ ನೋಡಿದರು. ನೋಡಲಿ.

ಸೆಪ್ಟೆಂಬರ್ 3

ಮೀಸೆಯವರ ಫೋನ್. ಸಮಿತಿಯ ಅಧ್ಯಕ್ಷರು. ಸೇನೆಯ ಗೇಟನ್ನೂ ನೋಡಿದವರಲ್ಲ, ಆದರೆ ಆ ಮೀಸೆ ನೋಡಿದರೆ ನಾಲ್ಕು ಯುದ್ಧ ಗೆದ್ದವರ ಹಾಗೆ. "ಅಮ್ಮಾ, ನಿಮಗೆ ತೊಂದ್ರೆ ಅಂದ್ರೆ ಊಟಾನ ಸಮುದಾಯ ಭವನಕ್ಕೆ ಹಾಕ್ಕೋತೀವಿ ಬಿಡಿ" ಎಂದರು. ಬೆಣ್ಣೆ ಸವರಿದ ಹಾಗೆ.

ಸರಿ, ಹಾಕ್ಕೊಳ್ಳಿ ಎಂದೆ. ಫೋನಿಟ್ಟು ತಿರುಗಿದರೆ ಅತ್ತೆ.

"ನನ್ನ ಮಗನ ದಿನ ನನ್ನ ಮನೆ ಬಿಟ್ಟು ಹೋಗುತ್ತಾ?"

ಎಷ್ಟು ಹೇಳಿದರೂ ಕೇಳದೆ ಹೋಗಿ ಮಲಗಿಬಿಟ್ಟರು. ಊಟಕ್ಕೂ ಏಳಲಿಲ್ಲ. ಎಪ್ಪತ್ತಾರರ ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ನನ್ನ ಮೇಲೂ.

ಸೆಪ್ಟೆಂಬರ್ 9, ಬೆಳಿಗ್ಗೆ 7

ಐದು ದಿನ ಬರೆಯಲಿಲ್ಲ. ಅತ್ತೆ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ಇವತ್ತು ಆರೂವರೆಗೆ ಕಸದ ಗಾಡಿ ಬಂತು. ಸಣ್ಣಗೆ ಮಳೆ. ಗಾಡಿಯಕ್ಕ ಕಸದ ಮೇಲೆ ಹೊದಿಕೆ ಎಳೆದು ಕಟ್ಟಿದ್ದಳು. ಬಕೆಟ್ ಹಿಡಿದು ಹತ್ತಿರ ಹೋದೆ. ಹೊದಿಕೆಯ ಮೇಲೆ ಅವರು. ನನ್ನ ಗಂಡ. ಹೋದ ವರ್ಷದ ಬ್ಯಾನರ್. ಹಣೆಯ ಮೇಲೆ ಹಗ್ಗ, ಕೆನ್ನೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ.

ಏನು ಕಿರುಚಿದೆನೋ ನೆನಪಿಲ್ಲ. ಅಕ್ಕಪಕ್ಕದ ಬಾಗಿಲು ತೆರೆದವು. ಗಾಡಿಯಕ್ಕ ಕದಲಲಿಲ್ಲ.

"ಯಾಕಮ್ಮ ಕೂಗ್ತೀರಾ? ಮೋರೀಲಿ ಬಿದ್ದಿತ್ತು. ತೊಳೆದು ಇಟ್ಕೊಂಡೆ. ನೀರು ಇಳಿಯಲ್ಲ, ಗಟ್ಟಿ ಮಾಲು. ಯಾರಿವ್ರು?"

"ನನ್ನ ಗಂಡ."

ಅವಳ ಮುಖ ಸಣ್ಣದಾಯಿತು. ಸೆರಗಿನಿಂದ ಆ ಸಿಪ್ಪೆ ತೆಗೆದಳು. "ತಪ್ಪು ತಿಳ್ಕೋಬೇಡಿ. ದೊಡ್ಡ ಸಿಪಾಯಿ ಅಂತ ಗೊತ್ತಿತ್ತು, ಕೈಲಿ ಬಂದೂಕು ಇದೆಯಲ್ಲ. ನಿಮ್ಮೋರು ಅಂತ ಗೊತ್ತಿರಲಿಲ್ಲ."

"ಸಿಪಾಯಿ ಅಲ್ಲ. ಸೇನೇಲಿ ಅಡುಗೆ ಮಾಡ್ತಿದ್ರು" ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

"ಮತ್ತೆ ಬಂದೂಕು?"

ಏನು ಹೇಳಲಿ? ಮೊದಲ ವರ್ಷ ಮೈದುನ ಯಾರದೋ ಮೈಗೆ ಇವರ ತಲೆ ಅಂಟಿಸಿ ಅಚ್ಚು ಹಾಕಿದ. "ಅಡುಗೆಯವನು ಅಂತ ಹಾಕಿದ್ರೆ ಯಾರು ಬರ್ತಾರೆ ಅತ್ತಿಗೆ?" ಅಂದಿದ್ದ. ಅತ್ತೆಗೆ ಮಗನ ಕೆಲಸ ಗೊತ್ತೇ ಇತ್ತು, ಆದರೂ ಆ ಚಿತ್ರ ನೋಡಿ ಕಣ್ಣೀರು ಹಾಕಿದರು. ನಾನು ಬಾಯಿ ಮುಚ್ಚಿಕೊಂಡೆ. ಮಗಳಿಗಾಗ ಮೂರು ವರ್ಷ. ಆ ಬಂದೂಕನ್ನೇ ನೋಡಿಕೊಂಡು ಬೆಳೆದಳು.

ಗಾಡಿಯಕ್ಕ ಹಗ್ಗ ಬಿಚ್ಚತೊಡಗಿದಳು. "ತಗೊಂಡು ಹೋಗಿ."

ಬೇಡ ಎಂದೆ. ಮಳೆ ಇದೆ, ಇಟ್ಕೊ.

ಸೆಪ್ಟೆಂಬರ್ 10

ಬೆಳಿಗ್ಗೆಯೇ ಅತ್ತೆಗೆ ಎಲ್ಲ ಹೇಳಿದೆ. ಗಾಡಿ, ಹಗ್ಗ, ಸಿಪ್ಪೆ, ಒಂದೂ ಬಿಡದೆ. ಅತ್ತೆ ಕೈಯಲ್ಲಿದ್ದ ಸೊಪ್ಪು ಬಿಡಿಸಿ ಮುಗಿಸಿದರು. ಆಮೇಲೆ ಸೀದಾ ಹೋಗಿ ಫೋನ್ ಎತ್ತಿದರು, ಮೀಸೆಯವರಿಗೆ.

"ಏನಪ್ಪಾ, ಊಟ ಇಲ್ಲೇ. ನನ್ನ ಸೊಸೆ ಹೇಳಿದ ಹಾಗೆ. ತಟ್ಟೆ ತೊಳೆಯೋಕೆ ನಾಚಿಕೆ ಆಗೋರು ಉಪವಾಸ ಇರಲಿ."

ಫೋನಿಟ್ಟು ನನ್ನ ಕಡೆ ತಿರುಗಿ, "ಬಾಯಿ ನೋಡ್ತಾ ನಿಂತ್ಯಲ್ಲ, ತಟ್ಟೆ ಎಷ್ಟಿದೆ ಎಣಿಸು."

ಸೆಪ್ಟೆಂಬರ್ 14

ನಮ್ಮವು ಹದಿನೆಂಟು. ಎದುರು ಮನೆಯ ಟೈಲರಮ್ಮ ಇಪ್ಪತ್ತು ಕೊಟ್ಟಳು, ಹಿಂದೆ ಉಗುರುಬಣ್ಣದಲ್ಲಿ ಗುರುತು ಹಾಕಿ. ಆಸ್ಪತ್ರೆ ಕ್ಯಾಂಟೀನಿನಿಂದ ಹನ್ನೆರಡು, ಸಂಜೆಯೊಳಗೆ ವಾಪಸು ಎಂಬ ಕರಾರಿನ ಮೇಲೆ. ಒಟ್ಟು ಐವತ್ತು. ಜನ ನೂರಿಪ್ಪತ್ತು. ಉಂಡಂತೆ ತೊಳೆಯಬೇಕು. ದಿನಕ್ಕೆ ಆರುನೂರು ಬೆಡ್‌ಶೀಟು ಒಗೆಸುವವಳಿಗೆ ಇದೊಂದು ಲೆಕ್ಕವೇ?

ಮಗಳ ತಕ್ಕಡಿಯಲ್ಲಿ ಇವತ್ತು 210 ಗ್ರಾಂ. ಕುಣಿಯುತ್ತಿದ್ದಾಳೆ.

ಸೆಪ್ಟೆಂಬರ್ 16, ಬೆಳಿಗ್ಗೆ 10.30

ಎರಡೇ ಮಾತು ಬರೆದು ಹೋಗುತ್ತೇನೆ. ಹೊರಗಿಂದ ತರಿಸಿದ ಊಟದ ಪಾತ್ರೆಗಳು ಆಗಲೇ ಒಳಗೆ ಬಂದಿವೆ. ಸ್ಮಾರಕದ ಕಡೆಯಿಂದ ಜನ ಬರುವ ಮೊದಲೇ ಮೈದುನನ ವ್ಯಾನ್ ಬಂತು. ಬಿಸಾಡುವ ತಟ್ಟೆಯ ಪೆಟ್ಟಿಗೆ ಮೂರು, ನೀರಿನ ಬಾಟಲಿ ಹತ್ತು ಕೇಸ್. "ಎಲ್ಲಾದ್ರೂ ಕಡಿಮೆ ಬಿದ್ರೆ ಅಂತ, ಅತ್ತಿಗೆ." ಮೇಲೊಂದು ಬ್ಯಾನರಿನ ಸುರುಳಿ, ಹನ್ನೆರಡು ಅಡಿಯದು. ಗೇಟಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ವ್ಯಾನ್ ಹೊರಗಿದೆ. ಅವನೂ ಹೊರಗಿದ್ದಾನೆ.

ಸಂಜೆ 6

ಜನ ಬಂದಾಗ ಚಿಕ್ಕ ಗೇಟು ಮಾತ್ರ ತೆಗೆದೆ. ಒಬ್ಬೊಬ್ಬರೇ ಒಳಗೆ. ಸಾಮಾನು ಹೊರಗೆ. ಮೈದುನ ಹಲ್ಲು ಕಚ್ಚಿ, "ಎಲ್ಲರ ಮುಂದೆ ಮರ್ಯಾದೆ ಕಳೀತಿದ್ದೀರಾ" ಎಂದ. "ಹನ್ನೊಂದು ವರ್ಷದಿಂದ ಮೋರಿಗೆ ಹಾಕಿದೀಯಲ್ಲ, ಅದು ಯಾರ ಮರ್ಯಾದೆ?" ಎಂದೆ. ಗಟ್ಟಿಯಾಗಿಯೇ.

ಅರ್ಧ ಜನ ಹೊರಗಿನಿಂದಲೇ ಜಾರಿಕೊಂಡರು. ಕೆಲಸವಿತ್ತಂತೆ. ಹೋಗಲಿ. ಅರವತ್ತು ಜನ ಉಳಿದರು. ಮೀಸೆಯವರೂ ಉಳಿದರು, ಹಸಿವು ಯಾರನ್ನು ಬಿಟ್ಟಿದೆ. ಮೊದಲ ಪಂಕ್ತಿ ಎದ್ದಿತು, ನಲ್ಲಿಯ ಹತ್ತಿರ ಸಾಲು. ತಟ್ಟೆ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಆಗ ಒಬ್ಬ ಮನುಷ್ಯ ಮುಂದೆ ಬಂದು, ತೋಳು ಮಡಚಿ, ಮಗಳ ಕೈಯಿಂದ ನಾರು ಇಸಿದುಕೊಂಡ.

ಈ ಮನುಷ್ಯನನ್ನು ಪ್ರತಿ ವರ್ಷ ನೋಡಿದ್ದೇನೆ. ಬೇರೆ ಊರಿನಿಂದ ಬಸ್ಸಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತು, ಉಣ್ಣದೆ ಹೋಗುವವ. ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಅದಕ್ಕೇ ಮಾತು ಜೋರು. ಯಾರೂ ಇವನ ಕೈಗೆ ಮೈಕ್ ಕೊಟ್ಟವರಲ್ಲ. ನಾನೂ ಯಾರೆಂದು ಕೇಳಿದವಳಲ್ಲ.

ತಟ್ಟೆ ಉಜ್ಜುತ್ತಾ ಮಗಳಿಗೆ ಹೇಳುತ್ತಿದ್ದ, ಇಡೀ ಅಂಗಳಕ್ಕೆ ಕೇಳುವ ಹಾಗೆ.

"ನಿಮ್ಮಪ್ಪ ಇದ್ದಿದ್ರೆ ಇದನ್ನ ವಾಪಸ್ ಕೊಡ್ತಿದ್ದ ಕಣಮ್ಮ. ಅಂಚಲ್ಲಿ ಜಿಡ್ಡಿದೆ ನೋಡು ಅಂತಿದ್ದ. ನೂರೈವತ್ತು ಜನಕ್ಕೆ ಅಡುಗೆ ಮಾಡೋನು."

"ನಮ್ಮಪ್ಪ ಸಿಪಾಯಿ" ಎಂದಳು ಮಗಳು.

"ಆಂ?"

"ಸಿಪಾಯಿ! ಬಂದೂಕು ಹಿಡಿದವರು!"

"ಬಂದೂಕಾ? ಅವನ ಬಂದೂಕು ಹಿಟ್ಟಿನ ಮೂಟೆ ಹಿಂದೆ ಬಿದ್ದಿರ್ತಿತ್ತು. ಅದಕ್ಕೆ ವಾರಕ್ಕೊಂದ್ಸಲ ಬೈಸ್ಕೋತಿದ್ದ."

ಯಾರೋ ನಕ್ಕರು. ಮೀಸೆಯವರು ಕೆಮ್ಮಿದರು. ಆತ ಉಜ್ಜುವುದು ನಿಲ್ಲಿಸಲಿಲ್ಲ.

"ಆವತ್ತು ಶೆಲ್ ಬೀಳೋಕೆ ಶುರುವಾಯ್ತು. ನಾವೆಲ್ಲ ಬಂಕರಿಗೆ ಓಡಿದ್ವಿ. ನಿಮ್ಮಪ್ಪ ಅರ್ಧ ದಾರಿಯಿಂದ ತಿರುಗಿಬಿಟ್ಟ. ಒಲೆ ಉರೀತಿದೆ ಅಂದ. ಹೊಗೆ ಮೇಲೆ ಹೋದ್ರೆ ಅವರಿಗೆ ಗುರಿ ಸಿಗುತ್ತಲ್ಲ. ನಾನು ಅಂಗಿ ಹಿಡಿದೆ, ಕೊಸರ್ಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು. ಆ ಬಂಕರಲ್ಲಿದ್ದ ನಾವು ನಲವತ್ತೂ ಜನ ಬದುಕಿದ್ವಿ. ಅವನು ಬರಲಿಲ್ಲ."

ನೀರು ಸುಮ್ಮನೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ.

ಸೇನೆಯ ಪತ್ರದಲ್ಲಿ ಇದ್ದದ್ದು ಒಂದೇ ಸಾಲು, ಶೆಲ್ ದಾಳಿಯಲ್ಲಿ ಮರಣ ಅಂತ. ಒಲೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷ ಗಂಟೆಗಟ್ಟಲೆ ಭಾಷಣ ಕೇಳಿದೆ. ವೀರ, ಶೂರ, ಸಿಂಹ, ಹುಲಿ. ಅವರು ಸತ್ತದ್ದು ಹೇಗೆಂದು ಬಲ್ಲವನೊಬ್ಬ ಅದೇ ಸಭೆಯ ಕೊನೆಯ ಸಾಲಿನಲ್ಲಿ ಕೂತು ಎದ್ದು ಹೋಗುತ್ತಿದ್ದ. ಒಬ್ಬರೂ, ಒಬ್ಬರಾದರೂ...

"ಯಾಕೆ ಇಷ್ಟು ದಿನ ಹೇಳ್ಲಿಲ್ಲ?" ಎಂದು ಅತ್ತೆ ಅವನ ತೋಳು ಹಿಡಿದು ಅಲುಗಿಸಿದರು.

"ಬ್ಯಾನರ್ ನೋಡ್ದಾಗೆಲ್ಲ ಅನ್ಕೋತಿದ್ದೆ, ನಿಮಗೆ ಅಡುಗೆಯವನು ಬೇಡವಾಗಿದ್ದಾನೆ ಅಂತ" ಎಂದ.

ಮೈದುನ ಹೊರಗೆ ವ್ಯಾನಿನ ಪಕ್ಕ ನಿಂತಿದ್ದ. ಎಲ್ಲ ಕೇಳಿಸಿತ್ತು. ಮುಖ ಸುಣ್ಣ.

ಎಲ್ಲರೂ ಹೋದ ಮೇಲೆ ಮಗಳು ನನ್ನೆದುರು ಬಂದು ನಿಂತಳು.

"ನಿನಗೆ ಗೊತ್ತಿತ್ತಾ, ಅಪ್ಪ ಅಡುಗೆ ಮಾಡ್ತಿದ್ರು ಅಂತ?"

"ಗೊತ್ತಿತ್ತು."

"ಮೂರು ವರ್ಷ ಶಾಲೆಯಲ್ಲಿ ಭಾಷಣ ಮಾಡಿದ್ದೀನಲ್ಲಮ್ಮ. ಬಂದೂಕು ಹಿಡಿದ ನಮ್ಮಪ್ಪ ಅಂತ. ನೀನೇ ಎದುರಿಗೆ ಕೂತು ಕೇಳಿದ್ದೀಯ."

ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಊರನ್ನೆಲ್ಲ ಬೈದೆ ಇವತ್ತು. ಇದಕ್ಕೆ ಯಾರನ್ನು ಬೈಯಲಿ?

ಸೆಪ್ಟೆಂಬರ್ 17, ಬೆಳಿಗ್ಗೆ 8

ರಜೆ ಹಾಕಿದೆ. ಚಿಲಕ ಇನ್ನೂ ತೆಗೆದಿಲ್ಲ. ಅತ್ತೆ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಕಾವಲಿಗೆ.

ಏಳಕ್ಕೆ ಮೈದುನ ಬಂದಿದ್ದ, ಬರಿಗೈಯಲ್ಲಿ. ಹೊಸ್ತಿಲಾಚೆಯೇ ನಿಂತ.

"ಅತ್ತಿಗೆ, ಅಣ್ಣ ಅಡುಗೆ ಮಾಡ್ತಿರೋ ಫೋಟೋ ಏನಾದ್ರೂ ಇದೆಯಾ?"

"ಯಾಕೆ, ಮತ್ತೆ ಫ್ಲೆಕ್ಸಿಗಾ?"

"ಅಲ್ಲ. ನನಗೆ."

ಇಲ್ಲ ಎಂದೆ. ಇದೆ. ಕೊಡಲು ಮನಸ್ಸಾಗಲಿಲ್ಲ. ಸಿಟ್ಟು ಇಳಿದಿಲ್ಲ, ಇಳಿಯುವ ಅವಸರವೂ ಇಲ್ಲ.

8.40

ಚಿಲಕದ ಸದ್ದು. ಬಾಗಿಲು ಬೆರಳಷ್ಟು ತೆರೆದಿದೆ. ಮುಖ ಕಾಣಿಸುತ್ತಿಲ್ಲ, ದನಿ ಮಾತ್ರ.

"ಅಪ್ಪ ರಜೆಗೆ ಬಂದಾಗ ಮನೇಲೂ ಮಾಡ್ತಿದ್ರಾ?"

ಮಾಡುತ್ತಿದ್ದರು. ನನ್ನನ್ನು ಅಡುಗೆಮನೆಯೊಳಗೆ ಬಿಡುತ್ತಲೇ ಇರಲಿಲ್ಲ. ನಿನ್ನನ್ನು ಹಿಟ್ಟಿನ ಡಬ್ಬಿಯ ಪಕ್ಕ ಕೂರಿಸಿಕೊಂಡು... ಇದನ್ನು ಇಲ್ಲಿ ಬರೆದು ಯಾರಿಗೆ? ಹೋಗಿ ಅವಳಿಗೇ ಹೇಳುತ್ತೇನೆ.