ಮುಚ್ಚಳವಿಲ್ಲದ ಟ್ಯಾಂಕು

14 ಸೆಪ್ಟೆಂಬರ್ 2006, ಹಿಂದೂಪುರ

…ಒಬ್ಬನೇ ಇದ್ದಾಗ ಸುಳ್ಳು ಹೇಳುವುದು ಕಷ್ಟ, ಹತ್ತು ಜನರ ನಡುವೆ — ಮುಂದಿನದು ಮರೆತಿದೆ. ಎಂ.ಎ.ಯಲ್ಲಿ ಯಾರೋ ಮೇಷ್ಟ್ರು ಹೇಳಿದ್ದು. ಇರಲಿ.

ಇವತ್ತು ಬಿ.ಎಡ್. ಕ್ಲಾಸಿನಲ್ಲಿ ಅನುವರ್ತನೆಯ ಪಾಠ — ಗುಂಪು ಅಂದದ್ದನ್ನೇ ನಾವೂ ಅನ್ನುವುದು. ಬೋರ್ಡಿನ ಮೇಲೆ ಎರಡು ಗೆರೆ. ಆರು ಜನಕ್ಕೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದೆ — ಗಿಡ್ಡ ಗೆರೆಯನ್ನೇ ಉದ್ದ ಅನ್ನಿ ಅಂತ. ಏಳನೆಯವನು ನರೇಂದ್ರ, ಏನೂ ಗೊತ್ತಿಲ್ಲದವನು. ಕಣ್ಣುಜ್ಜಿಕೊಂಡ. ಅವನೂ ಅದನ್ನೇ ಅಂದ. ಚೀಟಿಯಲ್ಲಿ ಬರೆದುಕೊಡು ಅಂದಿದ್ದರೆ ತಪ್ಪುತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಈ ಪಾಠ ಒಮ್ಮೆಯೂ ಕೈಕೊಟ್ಟಿಲ್ಲ.

16 ಸೆಪ್ಟೆಂಬರ್, ಕಲ್ಯಾಣದುರ್ಗ

ನಮ್ಮ ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲ್. ಹೋದ ಭಾನುವಾರ ಹನ್ನೊಂದು ಹುಡುಗಿಯರಿಗೆ ವಾಂತಿ. ಈಗ ಎಲ್ಲರೂ ಹುಷಾರು. ಅಡುಗೆಯ ಕರಿಬಸಮ್ಮನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ — ವಿಚಾರಣೆಗೆ ಮೂವರು. ನಿವೃತ್ತ ಹೆಡ್‌ಮಾಸ್ಟರ್ ಉಗ್ರಪ್ಪ, ಸೈನ್ಸ್ ಟೀಚರ್ ಶೋಭಾರಾಣಿ, ನಾನು. ದೊಡ್ಡವರು ಮೊದಲು ಮಾತಾಡುವುದು ಇಲ್ಲಿಯ ಪದ್ಧತಿ.

"ಈವಮ್ಮಂಗೆ ಅಜಾಗ್ರತ್ತ ಕಣಯ್ಯ. ಕೈ ತೊಳ್ಯಲ್ಲ, ಏನಿಲ್ಲ. ಅಂತೇ ಕದಾ?" ಉಗ್ರಪ್ಪ, ಅರ್ಧ ತೆಲುಗಿನಲ್ಲಿ, ಹೌದು ತಾನೇ ಅನ್ನುವಂತೆ.

"ಅವುನು ಸಾರ್," ಶೋಭಾರಾಣಿ.

"ಹೌದು." ನಾನು.

ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಅಂದರು — "ಮ್ಯಾಲಿನ ಟ್ಯಾಂಕಿಗೆ ಮುಚ್ಚಳ ಇಲ್ದೆ ಎಲ್ಡು ತಿಂಗ್ಳಾಯ್ತು ಸಾ. ನೀರು ಕೆಟ್ಟೈತೆ. ಹೇಳೋರ್ಗೆ ಹೇಳಿದ್ದೀನಿ."

"ಯಾರಿಗಮ್ಮ ಹೇಳ್ದೆ?" ಉಗ್ರಪ್ಪ.

ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ನೆಲ ನೋಡಿದರು. ನಾನು ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದೆ. ಆಗಲೇ ಒಮ್ಮೆ ಬರೆದಿದ್ದೆ.

ಅವರನ್ನು ತೆಗೆಯುವ ರಿಪೋರ್ಟಿಗೆ ಸಹಿ ಮುಂದಿನ ಶನಿವಾರ.

20 ಸೆಪ್ಟೆಂಬರ್, ಹಿಂದೂಪುರ

ಕಾರಣಾರೋಪ. ನಾನು ಲೇಟಾದರೆ ಪರಿಗಿ ಬಸ್ಸು ಕೆಟ್ಟಿತ್ತು. ನೀನು ಲೇಟಾದರೆ ನೀನು ಸೋಮಾರಿ. ನಮ್ಮ ತಪ್ಪಿಗೆ ಸಂದರ್ಭ ಕಾರಣ, ಇನ್ನೊಬ್ಬರ ತಪ್ಪಿಗೆ ಅವರ ಗುಣ. ಹೇಳುತ್ತಿದ್ದಂತೆ ಕರಿಬಸಮ್ಮ ನೆನಪಾದರು.

ಮುಂದಿನದು ನೋಡುಗರ ಮೌನ. ನೋಡಿದವರು ಹೆಚ್ಚಿದಷ್ಟೂ ಹೊಣೆ ಹಂಚಿಹೋಗುತ್ತದೆ, ಯಾರೂ ಮುಂದೆ ಬರುವುದಿಲ್ಲ. ಉದಾಹರಣೆ ಕೊಟ್ಟೆ: ಒಬ್ಬ ಉಪನ್ಯಾಸಕ ಆಗಸ್ಟಿನಲ್ಲಿ ಒಂದು ಹಾಸ್ಟೆಲಿಗೆ ಹೋಗುತ್ತಾನೆ. ಅಡುಗೆಯಾಕೆ ಮಾಳಿಗೆ ಹತ್ತಿಸಿ, ಮುಚ್ಚಳವಿಲ್ಲದ ಟ್ಯಾಂಕು ತೋರಿಸುತ್ತಾಳೆ. ನೀರಿನ ಮೇಲೆ ಪಾರಿವಾಳದ ಪುಕ್ಕ. ಹೇಳ್ತೀನಿ ಅನ್ನುತ್ತಾನೆ. ವಾರ್ಡನ್ ನೋಡಿರಬೇಕು, ಪ್ಲಂಬರಿಗೆ ಯಾರೋ ಹೇಳಿರಬೇಕು ಅಂದುಕೊಳ್ಳುತ್ತಾನೆ. ಯಾರಿಗೂ ಹೇಳುವುದಿಲ್ಲ.

ವಾಣಿಶ್ರೀ ಎದ್ದಳು. "ಹೊಣೆ ಹಂಚೋಯ್ತು ಅಂದ್ರಲ್ಲ ಸಾರ್, ಆಯಪ್ಪನ ಪಾಲು ಯಾರ್ ತಕ್ಕೊಂಡ್ರು?"

ಕ್ಲಾಸು ನಕ್ಕಿತು. ನಾನೂ. ಒಳ್ಳೆಯ ಪ್ರಶ್ನೆ ಅಂದೆ. ಉತ್ತರ ಗೊತ್ತಿತ್ತು — ಆ ಅಡುಗೆಯಾಕೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

23 ಸೆಪ್ಟೆಂಬರ್, ಕಲ್ಯಾಣದುರ್ಗ, ಮಧ್ಯಾಹ್ನ 12

ಸಹಿಗೆ ಮುಂಚೆ ಮೂರು ಚೀಟಿ ಹರಿದೆ. ಯಾರೂ ಮಾತಾಡದೆ, ವಾಂತಿಗೆ ಕಾರಣ ಏನೆಂದು ಬರೆಯೋಣ ಅಂದೆ.

"ಇದೇನಯ್ಯ ಶ್ರೀರಾಮಪ್ಪ, ಪಂಚಾಯ್ತಿ ಎಲೆಕ್ಷನ್ನಾ?" ಉಗ್ರಪ್ಪ ನಕ್ಕರು. ಆದರೂ ಬರೆದರು.

ಬಿಚ್ಚಿದೆ. ಟ್ಯಾಂಕಿನ ನೀರು. ಟ್ಯಾಂಕಿನ ನೀರು. ಟ್ಯಾಂಕಿನ ನೀರು.

"ಸಾರ್, ನೀವೂನಾ!" ಶೋಭಾರಾಣಿ, ಉಗ್ರಪ್ಪನವರಿಗೆ.

"ಮೊದ್ಲು ನಾನೇ ಮಾತಾಡ್ಬೇಕಲ್ಲಮ್ಮ, ಬಾಯಿಗ್ ಬಂದಿದ್ದು ಅಂದ್ಬುಟ್ಟೆ. ನೀವಾದ್ರೂ ಅಲ್ಲ ಅನ್ಬಾರ್ದಾ?"

ಮೂವರೂ ನಂಬದ ಮಾತನ್ನು ಮೂವರೂ ಒಪ್ಪಿದ್ದೆವು. ಇದಕ್ಕೂ ಒಂದು ಹೆಸರಿದೆ, ಮುಂದಿನ ವಾರದ ಪಾಠ. ಕರಿಬಸಮ್ಮನ ಕೆಲಸ ಉಳಿಯಿತು.

ಉಗ್ರಪ್ಪ ಅವರನ್ನು ಒಳಗೆ ಕರೆಸಿದರು. "ಮುಚ್ಚಳದ ವಿಷ್ಯ ಯಾರಿಗಮ್ಮ ಹೇಳಿದ್ದು? ರಿಪೋರ್ಟಿಗೆ ಬೇಕು."

"ಮರ್ತೋಯ್ತು ಸಾ."

ನನ್ನ ಕಡೆ ನೋಡಲೇ ಇಲ್ಲ.

ಪೆನ್ನು ನನ್ನ ಕೈಯಲ್ಲೇ ಇತ್ತು. ಮೊದಲೇ ತಿಳಿದಿದ್ದವರು — ಅಂತ ಬರೆದು ನನ್ನ ಹೆಸರು ಹಾಕಿದೆ. ದಪ್ಪ ಅಕ್ಷರ. ಉಗ್ರಪ್ಪ ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

ಮಧ್ಯಾಹ್ನ 3, ಬಸ್ ಸ್ಟ್ಯಾಂಡ್

ಪೆನುಕೊಂಡದ ಬಸ್ಸು ಇನ್ನೂ ಬಂದಿಲ್ಲ. ಟ್ರಸ್ಟಿನವರು ನೋಟಿಸ್ ಕೊಡಬಹುದು. ಕೊಡಲಿ, ಉತ್ತರ ಬರೆಯಬಲ್ಲೆ.

ಒಂದು ಮಾತ್ರ ನನ್ನ ಯಾವ ಟಿಪ್ಪಣಿಯಲ್ಲೂ ಇಲ್ಲ. ಕೆಲಸ ಹೋಗುವ ಹೊತ್ತಿನಲ್ಲೂ ನೀವು ನನ್ನ ಹೆಸರು ಎತ್ತಲಿಲ್ಲ, ಕರಿಬಸಮ್ಮ. ಆ ಒಂದು ವಾರ ನನ್ನ ಮೌನಕ್ಕೆ ಏನು ಕಾರಣ ಅಂದುಕೊಂಡಿರಿ — ಸಂದರ್ಭ ಹಾಗಿತ್ತು ಅಂತಲೋ, ಇಲ್ಲ, ಈ ಮನುಷ್ಯನೇ ಇಷ್ಟು ಅಂತಲೋ?