ತೊಳೆದ ಹೆಬ್ಬೆರಳು

ಕಮಠಾಣ, ಶುಕ್ರವಾರ

ಮಚ್ಛೇಂದ್ರನಿಗೆ ಸೋದರತ್ತೆ ಜಿಜಾಬಾಯಿ ಬರೆಸುವುದು. ಆಶೀರ್ವಾದ ಎಂದು ಬರೆಸಲು ಬಾಯಿ ಬರುತ್ತಿಲ್ಲ.

ಅಂಗನವಾಡಿಯ ಕೌಸಲ್ಯಾ ನನ್ನನ್ನು ನೌಬಾದದ ನಿನ್ನ ಮನೆಯಿಂದ ಊರಿಗೆ ಕರೆತಂದು ಮೈಗೆ ಬಿಸಿನೀರು ಹಾಕಿದಳು. ಬೆನ್ನಿನ ಹುಣ್ಣು ನೋಡಿ ಮೂಗು ಮುಚ್ಚಿಕೊಂಡಳೇನೋ, ದನಿ ಬದಲಾಯಿತು. "ಆಯಿ, ಮೈಯೆಲ್ಲ ಹಿಂಗ್ಯಾಕ ಆಗ್ಯಾದರಿ? ಹೆಬ್ಬೆಟ್ಟ ಒಂದೇ ಲಕಾಲಕ ಹೊಳೀತದಲ್ಲರಿ!" ಎಂದಳು.

ಬರಗಾಲಕ್ಕೆ ನನ್ನ ಮಗ, ಸೊಸೆ ಇಟ್ಟಿಗೆ ಹೊರಲು ಹೈದರಾಬಾದಿಗೆ ಹೋದಾಗ, "ಕಣ್ಣಿಲ್ಲದ ಅತ್ತೀನ ನಾ ನೋಡ್ಕೋತೇನಿ" ಎಂದು ಕರೆದೊಯ್ದವನು ನೀನು. ಕಳೆ ಕಿತ್ತು ಸವೆದ ನನ್ನ ಬೆರಳನ್ನು ಪಿಂಚಣಿಯ ಯಂತ್ರ ಗುರುತಿಸುವುದಿಲ್ಲವೆಂದು ತಿಂಗಳಿಗೊಮ್ಮೆ ನಿನ್ನ ಹೆಂಡತಿ ಅದಕ್ಕೆ ನಿಂಬೆಹಣ್ಣು ತಿಕ್ಕಿ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಉಳಿದ ಮೈಗೆ ಒಂದು ತಂಬಿಗೆ ನೀರಿರಲಿಲ್ಲ. ಯಂತ್ರ ಬೆರಳು ಹಿಡಿಯದೆ ಪಿಂಚಣಿ ಕೈಗೆ ಬಾರದ ತಿಂಗಳು, "ಹೆಬ್ಬೆಟ್ಟ ಹತ್ತಿಲ್ಲ, ಈಕಿಗಿ ರೊಟ್ಟಿ ಯಾಕ?" ಎಂದವಳೂ ಅವಳೇ. ನೀನು ಪಕ್ಕದಲ್ಲೇ ಉಣ್ಣುತ್ತಿದ್ದೆ. ಚಪ್ಪರಿಸುವುದು ಕೇಳುತ್ತಿತ್ತು. ಥೂ!

ಮುದುಕರನ್ನು, ಅಂಗವಿಕಲರನ್ನು ಹೀಗೆ ಸುಲಿದು ತಿನ್ನುವವರಿಗೆ ಕಾಯ್ದೆ ಇದೆಯಂತೆ. ಬೀದರದ ಸಾಹೇಬರಿಗೆ ಕೌಸಲ್ಯಾ ಅರ್ಜಿ ಬರೆದಳು, ನಾನು ಹೆಬ್ಬೆಟ್ಟು ಒತ್ತಿದೆ. ಅದಕ್ಕೆ ನಿಂಬೆಹಣ್ಣು ಬೇಕಾಗಲಿಲ್ಲ.

ವಿಚಾರಣೆಗೆ ಕರೆ ಬಂದಾಗ, ನನಗೆ ಹಾಸಿಕೊಟ್ಟಿದ್ದ ಕೌದಿ ತೆಗೆದುಕೊಂಡು ಬಾ. ಇಷ್ಟು ದಿನ ಒಗೆಯದವರು ಈಗಲೂ ಒಗೆಯಬೇಡಿ. ಸಾಹೇಬರ ಮೇಜಿನ ಮೇಲೆ ಅದನ್ನು ನಿನ್ನ ಕೈಯಿಂದಲೇ ಬಿಚ್ಚಬೇಕು.

ಜಿಜಾಬಾಯಿ